ಬಣ್ಣದ ನಕ್ಷೆಯಲ್ಲಿ ನಿಮ್ಮ ನಿವೇಶನ

(ಆಸ್ತಿ ಮಾಲೀಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಗೆರೆಯ ಕಥೆ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ನಕ್ಷೆ ಬರೆಯುವ ಮೇಜಿಗೆ ತಾಗಿಕೊಂಡೇ ಜನ ಬಂದು ವಿಚಾರಿಸುವ ಕೌಂಟರ್ ಇತ್ತು. ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಕ್ರಯಪತ್ರ, ಅದರ ಹಿಂದಿನ ಕ್ರಯಪತ್ರ, ಅದರ ಹಿಂದಿನದು, ತೆರಿಗೆ ರಸೀದಿಗಳು, ಅಳತೆ ಮಾಡಿಸಿದ ನಕಾಶೆ, ಎಲ್ಲವೂ ತಾರೀಖಿನ ಪ್ರಕಾರ ಜೋಡಿಸಿದ್ದು. ಅಷ್ಟು ಅಚ್ಚುಕಟ್ಟಾದ ದಾಖಲೆಯನ್ನು ಆಮೇಲೂ ನಾನು ಹೆಚ್ಚು ಕಂಡಿಲ್ಲ. "ಎಲ್ಲ ಸರಿ ಇದೆಯಲ್ಲಪ್ಪ, ಮನೆ ಕಟ್ಟಬಹುದಲ್ಲ?" ಅಂದರು. ನಾನು ಮಹಾಯೋಜನೆಯ, ಅಂದರೆ ಊರು ಮುಂದೆ ಹೇಗೆ ಬೆಳೆಯಬೇಕೆಂದು ತೋರಿಸುವ ಮಾಸ್ಟರ್ ಪ್ಲಾನಿನ, ಹಾಳೆ ಹಾಸಿ ಅವರ ನಿವೇಶನ ಹುಡುಕಿದೆ. ಸಿಕ್ಕಿತು. ಅದರ ಮೈಮೇಲೆ ಒಂದು ಚುಕ್ಕಿ ಗೆರೆ ಹಾದುಹೋಗಿತ್ತು, ಮುಂದೆಂದೋ ಅಗಲವಾಗಲಿರುವ ರಸ್ತೆಯ ಅಂಚು.

ಆ ಹಾಳೆಯ ಪ್ರಮಾಣ 1:10,000. ಹಾಳೆಯ ಮೇಲಿನ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 10 ಮೀಟರ್. ಗೆರೆ ಎಳೆದ ಪೆನ್ನಿನ ಮೊನೆ ಅರ್ಧ ಮಿಲಿಮೀಟರ್ ಇದ್ದರೆ, ಆ ಗೆರೆಯ ದಪ್ಪವೇ 5 ಮೀಟರ್. ಮೇಷ್ಟ್ರ ನಿವೇಶನ 12 ಮೀಟರ್ ಅಗಲ, 18 ಮೀಟರ್ ಉದ್ದ. ಗೆರೆಯ ಆ ಕಡೆಯ ಅಂಚು ಹಿಡಿದರೆ ಅವರ ಮುಂಭಾಗವೆಲ್ಲ ರಸ್ತೆಗೆ. ಈ ಕಡೆಯ ಅಂಚು ಹಿಡಿದರೆ ಒಂದು ಗೇಣೂ ಹೋಗುವುದಿಲ್ಲ. "ನನ್ನ ಜಾಗ ಗೆರೆಯ ಒಳಗೋ ಹೊರಗೋ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕ್ರಯಪತ್ರ ಹೇಳುವುದು ಜಾಗ ಯಾರದು ಅಂತ. ಆ ಜಾಗದಲ್ಲಿ ಏನು ಮಾಡಬಹುದು ಅನ್ನುವುದು ಬೇರೆ ಕಡೆ ಬರೆದಿರುತ್ತದೆ. ಮೊದಲನೆಯದಕ್ಕೆ ನಾವು ವಕೀಲರನ್ನು ಹಿಡಿಯುತ್ತೇವೆ, ಮೂರು ತಲೆಮಾರಿನ ಪತ್ರ ತೆಗೆಸುತ್ತೇವೆ. ಎರಡನೆಯದಕ್ಕೆ ಬ್ರೋಕರನ ಬಾಯಿಮಾತು ಸಾಕು ಅಂದುಕೊಳ್ಳುತ್ತೇವೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ನೀವು ಕೊಳ್ಳುವುದು, ಮಾರುವುದು, ಮಕ್ಕಳಿಗೆ ಬಿಟ್ಟುಹೋಗುವುದು, ಎಲ್ಲವೂ ನಿಯಮಗಳೆಲ್ಲ ಕಳೆದ ಮೇಲೆ ಆ ನೆಲದಲ್ಲಿ ಉಳಿಯುವ ಅವಕಾಶವನ್ನು. ಆ ಉಳಿಕೆಯ ಲೆಕ್ಕ ಮಾಡಲು ಬರಬೇಕು.

ಗೆರೆ ಎಳೆಯಲು ಶುರುವಾದದ್ದು

ಅಕ್ಕಪಕ್ಕದವರ ಜಗಳ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಮನೆಗೂ ಮನೆಗೂ ನಡುವೆ ಜಾಗ ಬಿಡುವುದಕ್ಕೆ, ನೀರು ಹರಿದು ಹೋಗುವುದಕ್ಕೆ ನಿಯಮಗಳಿವೆ, ತಪ್ಪಿದರೆ ದಂಡವೂ ಇದೆ. ರೋಮ್‌ನಲ್ಲಿ ಅಗಸ್ಟಸ್ ಚಕ್ರವರ್ತಿ ಬೀದಿ ಬದಿಯ ಕಟ್ಟಡಗಳಿಗೆ 70 ರೋಮನ್ ಅಡಿಯ ಮಿತಿ ಹಾಕಿದ್ದ. ಆದರೆ ಇಡೀ ಊರನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೆ ಒಂದೊಂದು ನಿಯಮ ಬರೆಯುವುದು ಈಚಿನ ಪದ್ಧತಿ. ಜರ್ಮನಿಯ ಫ್ರಾಂಕ್‌ಫರ್ಟ್ ನಗರ 1891ರಲ್ಲಿ, ಫ್ರಾಂಟ್ಸ್ ಆಡಿಕೆಸ್ ಮೇಯರ್ ಆಗಿದ್ದಾಗ, ಈ ದಾರಿ ಹಿಡಿಯಿತು. ಅಲ್ಲಿಂದ ಈ ಯೋಚನೆ ಸಮುದ್ರ ದಾಟಿತು.

ನ್ಯೂಯಾರ್ಕಿನ ಕಥೆ ನಿಮಗೆ ಹೇಳಲೇಬೇಕು, ಏಕೆಂದರೆ ಅದರಲ್ಲಿ ನಿಯಮ ಹುಟ್ಟುವುದು ಕಣ್ಣಿಗೆ ಕಾಣುತ್ತದೆ. 1915ರಲ್ಲಿ ಅಲ್ಲಿ ಎಕ್ವಿಟಬಲ್ ಬಿಲ್ಡಿಂಗ್ ಎಂಬ ಕಟ್ಟಡ ಎದ್ದಿತು. ಜಾಗ ಒಂದು ಎಕರೆಯೂ ಪೂರ್ತಿ ಇಲ್ಲ. ಮಹಡಿಗಳೆಲ್ಲ ಸೇರಿ ಸುಮಾರು 12 ಲಕ್ಷ ಚದರ ಅಡಿ, ನೆಲದ ವಿಸ್ತೀರ್ಣದ ಸುಮಾರು 30 ಪಟ್ಟು. ಬೀದಿಯ ಅಂಚಿನಿಂದ ಒಂದು ಅಡಿಯೂ ಹಿಂದೆ ಸರಿಯದೆ ಗೋಡೆ ನೆಟ್ಟಗೆ ಮೇಲಕ್ಕೆ. ಅದರ ನೆರಳು ಸುಮಾರು 7 ಎಕರೆಯಷ್ಟು ನೆಲದ ಮೇಲೆ ಮಲಗಿತು. ಜಾಗ ಅವರದೇ, ದುಡ್ಡೂ ಅವರದೇ. ಬಿಸಿಲು ಮಾತ್ರ ಪಕ್ಕದವರದು.

ಮರುವರ್ಷ, 1916ರಲ್ಲಿ, ನ್ಯೂಯಾರ್ಕ್ ತನ್ನ ವಲಯ ನಿಯಮ ತಂದಿತು. ಒಂದು ಎತ್ತರದ ನಂತರ ಕಟ್ಟಡ ಹಿಂದೆ ಸರಿಯುತ್ತಾ ಹೋಗಬೇಕು, ಜಾಗದ ಕಾಲುಭಾಗದ ಮೇಲೆ ಮಾತ್ರ ಎಷ್ಟು ಎತ್ತರಕ್ಕಾದರೂ ಹೋಗಬಹುದು. ಎಂಪೈರ್ ಸ್ಟೇಟ್ ಕಟ್ಟಡದ ಮೆಟ್ಟಿಲು ಮೆಟ್ಟಿಲಾದ ಆಕಾರ ನೋಡಿ ವಾಸ್ತುಶಿಲ್ಪಿಯ ಕಲ್ಪನೆ ಅಂದುಕೊಂಡವರು ಬಹಳ. ಅದರಲ್ಲಿ ಅರ್ಧ ಈ ಕಾನೂನಿನ ಕೆತ್ತನೆ. ಎಫ್‌ಎಆರ್ ಎಂದು ನಾವು ದಿನಾ ಕೇಳುವ ಲೆಕ್ಕವನ್ನು, ಅಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಇರಬಹುದು ಎಂಬುದನ್ನು, ಆ ಊರು 1961ರಲ್ಲಿ ಅಳವಡಿಸಿಕೊಂಡಿತು.

ಮಾಲೀಕರು ಸುಮ್ಮನಿದ್ದರೇ? ಇಲ್ಲ. ಅಮೆರಿಕದ ಓಹಾಯೋದಲ್ಲಿ ಯೂಕ್ಲಿಡ್ ಎಂಬ ಸಣ್ಣ ಊರು. ಅಲ್ಲಿ ಆಂಬ್ಲರ್ ರಿಯಾಲ್ಟಿ ಎಂಬ ಕಂಪನಿಗೆ 68 ಎಕರೆ ಜಮೀನು. ಕಾರ್ಖಾನೆಗಳಿಗೆ ಮಾರಿದರೆ ಎಕರೆಗೆ 10,000 ಡಾಲರ್ ಬರುತ್ತದೆ, ವಾಸದ ವಲಯ ಅಂತ ಬಣ್ಣ ಬಳಿದರೆ 2,500 ಅಷ್ಟೇ, ನಮ್ಮ ಆಸ್ತಿಯನ್ನು ಕಿತ್ತುಕೊಂಡ ಹಾಗಾಯಿತು, ಇದು ಕಂಪನಿಯ ವಾದ. 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಊರಿನ ಪರ ನಿಂತಿತು. ನ್ಯಾಯಮೂರ್ತಿ ಸದರ್ಲೆಂಡ್ ತೀರ್ಪಿನಲ್ಲಿ ಒಂದು ಹಂದಿಯ ಮಾತು ಬರುತ್ತದೆ. ಹಂದಿ ಕೊಟ್ಟಿಗೆಯಲ್ಲಿದ್ದರೆ ತೊಂದರೆಯಿಲ್ಲ, ಪಡಸಾಲೆಗೆ ಬಂದರೆ ತೊಂದರೆ. ವಸ್ತು ಕೆಟ್ಟದ್ದಲ್ಲ, ಇರುವ ಜಾಗ ತಪ್ಪು. ವಲಯ ನಿಯಮದ ತರ್ಕ ಪೂರ್ತಿ ಆ ಒಂದು ಹಂದಿಯಲ್ಲಿದೆ.

ಬಣ್ಣ ಅರ್ಧ, ಪುಸ್ತಕ ಅರ್ಧ

ಈಗ ನಿಮ್ಮ ವಿಷಯಕ್ಕೆ ಬರೋಣ. ಊರು ಯಾವುದೇ ಇರಲಿ, ನಿಯಮ ಎರಡು ಕಡೆ ಇರುತ್ತದೆ. ಒಂದು ಬಣ್ಣ ಬಳಿದ ನಕ್ಷೆ. ಹಳದಿಯೆಂದರೆ ವಾಸ, ಕೆಂಪು ಅಥವಾ ನೀಲಿಯೆಂದರೆ ವ್ಯಾಪಾರ, ನೇರಳೆಯೆಂದರೆ ಕೈಗಾರಿಕೆ, ಹಸಿರೆಂದರೆ ಉದ್ಯಾನ ಅಥವಾ ಕೃಷಿ, ಹೀಗೆ. ಬಣ್ಣ ಊರಿಂದೂರಿಗೆ ಬದಲಾಗುತ್ತದೆ, ಆದ್ದರಿಂದ ಮೂಲೆಯಲ್ಲಿರುವ ಬಣ್ಣದ ಸೂಚಿ ನೋಡದೆ ಯಾವುದನ್ನೂ ನಂಬಬೇಡಿ. ಇನ್ನೊಂದು, ನಕ್ಷೆಯ ಜೊತೆಗಿರುವ ನಿಯಮಗಳ ಪುಸ್ತಕ. ಜನ ನಕ್ಷೆ ನೋಡುತ್ತಾರೆ, "ಹಳದಿ ಇದೆ" ಅಂತ ಸಮಾಧಾನಪಟ್ಟು ಎದ್ದು ಹೋಗುತ್ತಾರೆ. ನಿಮ್ಮ ನಿವೇಶನದ ಹಣೆಬರಹ ಇರುವುದು ಪುಸ್ತಕದಲ್ಲಿ.

ಆ ಪುಸ್ತಕದಲ್ಲಿ ಪ್ರತಿ ವಲಯಕ್ಕೂ ಸಾಮಾನ್ಯವಾಗಿ ಎರಡು ಪಟ್ಟಿ ಸಿಗುತ್ತವೆ. ಮೊದಲನೆಯದರಲ್ಲಿ ಇರುವುದನ್ನು ಯಾರನ್ನೂ ಓಲೈಸದೆ ಮಾಡಬಹುದು. ಕಟ್ಟಡದ ನಕ್ಷೆ ಸರಿ ಇದ್ದರೆ ಮಂಜೂರಾತಿ ಕೊಡಲೇಬೇಕು. ಎರಡನೆಯದರಲ್ಲಿ ಇರುವುದಕ್ಕೆ ವಿಶೇಷ ಅನುಮತಿ ಬೇಕು: ಶಾಲೆ, ಸಣ್ಣ ಆಸ್ಪತ್ರೆ, ಪೆಟ್ರೋಲ್ ಬಂಕ್ ಥರದವು. ಅಲ್ಲಿ ಷರತ್ತು ಹಾಕಬಹುದು, ಬೇಡ ಅನ್ನಲೂಬಹುದು. ಎರಡೂ ಪಟ್ಟಿಯಲ್ಲಿ ಇಲ್ಲದ್ದು? ಬಹುತೇಕ ಕಡೆ ಅದು ನಿಷಿದ್ಧ ಅಂತಲೇ ಅರ್ಥ. "ಬೇಡ ಅಂತ ಎಲ್ಲೂ ಬರೆದಿಲ್ಲವಲ್ಲ" ಎಂಬ ವಾದ ಹೂಡಿ ಗೆದ್ದವರನ್ನು ನಾನು ನೋಡಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ವಕೀಲರ ಕಚೇರಿ, ಪಾಠ ಹೇಳುವುದು, ಹೊಲಿಗೆ ಯಂತ್ರ, ಇಂಥವುಗಳಿಗೆ ಅನೇಕ ಊರುಗಳಲ್ಲಿ ಅವಕಾಶವಿದೆ. ಆದರೆ ಷರತ್ತುಗಳು ಸಣ್ಣ ಅಕ್ಷರದಲ್ಲಿರುತ್ತವೆ: ಮನೆಯ ಇಷ್ಟು ಭಾಗ ಮೀರಬಾರದು, ನೀವು ಅಲ್ಲೇ ವಾಸವಿರಬೇಕು, ಹೊರಗಿನ ಕೆಲಸಗಾರರು ಇಷ್ಟೇ ಜನ, ಬೋರ್ಡು ಇಷ್ಟೇ ದೊಡ್ಡದು. ಇಟ್ಟಿಗೆ ಒಂದೂ ಅಲುಗದಿದ್ದರೂ ಬಳಕೆ ಬದಲಾದರೆ ಅನುಮತಿ ಬೇಕು ಎನ್ನುವುದನ್ನು ಮರೆಯಬೇಡಿ. ಬ್ರಿಟನ್ನಿನ 1947ರ ಯೋಜನಾ ಕಾಯ್ದೆಯಲ್ಲಿ 'ಅಭಿವೃದ್ಧಿ' ಎಂಬ ಪದದ ಅರ್ಥದಲ್ಲೇ ಕಟ್ಟುವುದರ ಜೊತೆಗೆ ಬಳಕೆಯಲ್ಲಿ ಗಣನೀಯ ಬದಲಾವಣೆಯನ್ನೂ ಸೇರಿಸಿದ್ದಾರೆ. "ನಾನು ಏನೂ ಕಟ್ಟಿಲ್ಲ ಸಾರ್" ಎಂಬುದು ಸಮಜಾಯಿಷಿಯಾಗುವುದಿಲ್ಲ.

ಹನ್ನೆರಡು ಇಂಟು ಹದಿನೆಂಟು

ಲೆಕ್ಕಕ್ಕೆ ಮೇಷ್ಟ್ರ ನಿವೇಶನವನ್ನೇ ತೆಗೆದುಕೊಳ್ಳೋಣ. 12 ಇಂಟು 18, ಅಂದರೆ 216 ಚದರ ಮೀಟರ್. ನಿಯಮದ ಅಂಕಿಗಳು ಉದಾಹರಣೆಗಷ್ಟೇ, ನಿಮ್ಮ ಊರಿನ ಪುಸ್ತಕದ ಅಂಕಿ ಹಾಕಿಕೊಂಡು ನೀವೇ ಮಾಡಿ ನೋಡಿ.

ಸೆಟ್‌ಬ್ಯಾಕ್, ಅಂದರೆ ನಿವೇಶನದ ಅಂಚಿನಿಂದ ಖಾಲಿ ಬಿಡಬೇಕಾದ ಜಾಗ, ಮುಂದೆ 3 ಮೀಟರ್, ಹಿಂದೆ 2, ಎರಡೂ ಪಕ್ಕ ಒಂದೂವರೆ. ಅಗಲದಲ್ಲಿ 3 ಹೋಗಿ 9 ಉಳಿಯಿತು, ಉದ್ದದಲ್ಲಿ 5 ಹೋಗಿ 13. ಕಟ್ಟಡ ನಿಲ್ಲಬಹುದಾದ ಜಾಗ 117 ಚದರ ಮೀಟರ್. ನಿವೇಶನದ ಅರ್ಧದ ಹತ್ತಿರ ಆಗಲೇ ಗಾಳಿಗೆ ಹೋಯಿತು. ಮುಗಿಯಲಿಲ್ಲ. ಕವರೇಜ್, ಅಂದರೆ ನಿವೇಶನದಲ್ಲಿ ಕಟ್ಟಡ ಆಕ್ರಮಿಸಬಹುದಾದ ನೆಲದ ಪಾಲು, ಶೇಕಡಾ 50 ಎಂದಿದ್ದರೆ ನೆಲಮಹಡಿ 108 ಮೀರುವ ಹಾಗಿಲ್ಲ. ಎರಡರಲ್ಲಿ ಯಾವುದು ಬಿಗಿಯೋ ಅದೇ ಲಾಗೂ. ಎಫ್‌ಎಆರ್ ಒಂದೂವರೆ ಎಂದಿಟ್ಟುಕೊಳ್ಳಿ. 216ರ ಒಂದೂವರೆ ಪಟ್ಟು, ಅಂದರೆ ಎಲ್ಲ ಮಹಡಿ ಸೇರಿ 324. ಮಹಡಿಗೆ 108ರಂತೆ ಸರಿಯಾಗಿ ಮೂರು ಮಹಡಿ. ಎತ್ತರದ ಮಿತಿ 10 ಮೀಟರ್ ಇದ್ದರೆ ಮೂರು ಮಹಡಿ ಕೂರುತ್ತದೆ. ಇಲ್ಲಿ ಎಲ್ಲ ಹೊಂದಿಕೊಂಡಿತು, ಏಕೆಂದರೆ ಅಂಕಿ ಆರಿಸಿದವನು ನಾನು.

ಇದೇ ನಿವೇಶನ ಮೂಲೆಯಲ್ಲಿದ್ದರೆ? ಮೂಲೆ ಜಾಗಕ್ಕೆ ಎಲ್ಲರೂ ಹೆಚ್ಚು ಬೆಲೆ ಕೊಡುತ್ತಾರೆ. ಎರಡು ಬದಿಗೂ ರಸ್ತೆ ಇರುವುದರಿಂದ ಪಕ್ಕದ್ದೂ 'ಮುಂಭಾಗ'ವಾಗಿ, ಅಲ್ಲೂ 3 ಮೀಟರ್ ಬಿಡು ಎನ್ನುವ ನಿಯಮ ಹಲವೆಡೆ ಇದೆ. ಆಗ ಅಗಲ ಏಳೂವರೆಗೆ ಇಳಿಯುತ್ತದೆ. ಏಳೂವರೆ ಇಂಟು 13, 97.5 ಚದರ ಮೀಟರ್. ಮೂರು ಮಹಡಿಗೆ 292.5. ಎಫ್‌ಎಆರ್ ನಿಮಗೆ 324 ಕೊಟ್ಟಿತ್ತು, ಎತ್ತರದ ಮಿತಿ ನಾಲ್ಕನೆಯ ಮಹಡಿ ಬಿಡುವುದಿಲ್ಲ. 31.5 ಚದರ ಮೀಟರ್ ಕಾಗದದ ಮೇಲೆ ನಿಮ್ಮದು, ಕಟ್ಟಲಾರಿರಿ. ಮೂಲೆ ನಿವೇಶನ ಬೇಡ ಅಂತಲ್ಲ, ಅಂಗಡಿಗೆ ಅದೇ ಚೆನ್ನ. ಬರೀ ಮನೆಗಾದರೆ ಬೆಲೆ ಮಾತಾಡುವ ಮೊದಲು ಈ ಕಳೆಯುವ ಲೆಕ್ಕ ಮಾಡಿ.

ರಸ್ತೆಯ ಅಗಲವೂ ನಿಮ್ಮ ಮಹಡಿಗಳನ್ನು ತಿನ್ನುತ್ತದೆ. ಜಪಾನಿನ ನಿಯಮ ಇದಕ್ಕೆ ಒಳ್ಳೆಯ ಉದಾಹರಣೆ, ಅಷ್ಟು ನೇರವಾಗಿದೆ. ಅಲ್ಲಿ ಕಟ್ಟಡ ಕಟ್ಟಬೇಕಾದರೆ ನಿವೇಶನ ಕನಿಷ್ಠ 4 ಮೀಟರ್ ಅಗಲದ ರಸ್ತೆಗೆ ಕನಿಷ್ಠ 2 ಮೀಟರ್ ತಾಗಿರಬೇಕು. ಹಳೆಯ ಓಣಿ ಅದಕ್ಕಿಂತ ಕಿರಿದಾಗಿದ್ದರೆ, ಹೊಸದಾಗಿ ಕಟ್ಟುವಾಗ ಓಣಿಯ ನಡುಗೆರೆಯಿಂದ 2 ಮೀಟರ್ ಹಿಂದೆ ಸರಿಯಬೇಕು. ಎದುರಿನವರೂ ಹಾಗೇ ಸರಿದಾಗ ಓಣಿ 4 ಮೀಟರ್ ಆಗುತ್ತದೆ, ಯಾರ ಮನೆಯನ್ನೂ ಒಡೆಯದೆ, ನಿಧಾನಕ್ಕೆ. ವಾಸದ ವಲಯದಲ್ಲಿ ಮುಂದಿನ ರಸ್ತೆ 12 ಮೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಅದರ ಅಗಲವನ್ನು 0.4ರಿಂದ ಗುಣಿಸುತ್ತಾರೆ. ಬಂದ ಅಂಕಿಯನ್ನು ಎಫ್‌ಎಆರ್ ಮೀರುವ ಹಾಗಿಲ್ಲ. 4 ಮೀಟರ್ ರಸ್ತೆಗೆ 1.6. ವಲಯದ ಪಟ್ಟಿಯಲ್ಲಿ 2 ಅಂತ ಬರೆದಿದ್ದರೂ ನಿಮ್ಮ ಕೈಗೆ ಬರುವುದು 1.6.

ಪಾರ್ಕಿಂಗ್ ಬಗ್ಗೆ ಒಂದೇ ಮಾತು. ಕಾರು ನಿಲ್ಲಲು ಎರಡೂವರೆ ಇಂಟು 5 ಮೀಟರ್ ಸಾಕು, ಆದರೆ ಅದು ಒಳಗೆ ಬಂದು ತಿರುಗಿ ಹೊರಹೋಗುವ ಜಾಗ ಸೇರಿಸಿದರೆ ಅದರ ದುಪ್ಪಟ್ಟು. ಸಣ್ಣ ನಿವೇಶನಗಳಲ್ಲಿ ಎಷ್ಟು ಮನೆ ಬರುತ್ತದೆಂದು ತೀರ್ಮಾನಿಸುವುದು ಅನೇಕ ಸಲ ಎಫ್‌ಎಆರ್ ಅಲ್ಲ, ಕಾರು. ಅಮೆರಿಕದ ಬಫಲೋ ನಗರ 2017ರಲ್ಲಿ ಕಡ್ಡಾಯ ಪಾರ್ಕಿಂಗ್ ನಿಯಮವನ್ನೇ ಊರಿಡೀ ತೆಗೆದುಹಾಕಿತು.

ಮೊದಲಿನಿಂದ ಇದ್ದದ್ದು

ನಿಯಮ ಬರುವ ಮುಂಚೆಯೇ ನಿಮ್ಮ ಅಂಗಡಿ ಅಲ್ಲಿತ್ತು, ಆಮೇಲೆ ನಕ್ಷೆಗೆ ಹಳದಿ ಬಳಿದರು. ಈಗೇನು? ಸಾಮಾನ್ಯ ನಿಯಮ ಉದಾರವಾಗಿಯೇ ಇದೆ: ಕಾನೂನುಬದ್ಧವಾಗಿ ಶುರುವಾದದ್ದು ಮುಂದುವರಿಯಬಹುದು. ಆದರೆ ಆ ಉದಾರತೆಗೆ ಬಾಲಂಗೋಚಿಗಳಿವೆ. ವಿಸ್ತರಿಸುವ ಹಾಗಿಲ್ಲ. ಒಂದಷ್ಟು ಕಾಲ ಬಾಗಿಲು ಮುಚ್ಚಿದರೆ ಹಕ್ಕು ಹೋಗುತ್ತದೆ. ಬೆಂಕಿಯಲ್ಲೋ ನೆರೆಯಲ್ಲೋ ಕಟ್ಟಡದ ಹೆಚ್ಚು ಭಾಗ ಹಾಳಾದರೆ ಮತ್ತೆ ಹಾಗೇ ಕಟ್ಟಲು ಬಿಡುವುದಿಲ್ಲ. ಇಂಥ ಆಸ್ತಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ "ಅಂಗಡಿ ನಡೀತಿದೆಯಾ?" ಅಂತ ಅಲ್ಲ. ಯಾವತ್ತಿನಿಂದ ನಡೆಯುತ್ತಿದೆ, ನಡುವೆ ನಿಂತಿತ್ತಾ, ಅದಕ್ಕೆ ಕಾಗದ ಏನಿದೆ ಅಂತ. ಹಳೆಯ ವಿದ್ಯುತ್ ಬಿಲ್ಲು, ಪರವಾನಗಿ, ತೆರಿಗೆ ರಸೀದಿ ಇಲ್ಲಿ ಕ್ರಯಪತ್ರದಷ್ಟೇ ತೂಕದ್ದು.

ಉದಾರತೆ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಲಾಸ್ ಏಂಜಲೀಸ್‌ನ ಇಟ್ಟಿಗೆ ಗೂಡಿನ ಪ್ರಕರಣ ಇದೆ. ಮಾಲೀಕ ಜಾಗ ಕೊಂಡದ್ದು 1902ರಲ್ಲಿ, ಊರ ಹೊರಗೆ, ಅಲ್ಲಿ ಇಟ್ಟಿಗೆಗೆ ಒಳ್ಳೆಯ ಮಣ್ಣಿದೆ ಅಂತ. ಊರು ಬೆಳೆದು ಅವನ ಬಾಗಿಲಿಗೆ ಬಂತು. ಮನೆಗಳು ಬಂದವು, ಮನೆಯವರಿಗೆ ಹೊಗೆ ಬೇಡವಾಯಿತು, ನಗರಾಡಳಿತ ಆ ಭಾಗದಲ್ಲಿ ಇಟ್ಟಿಗೆ ಸುಡುವುದನ್ನೇ ನಿಷೇಧಿಸಿತು. ಗೂಡಿನ ಜಾಗವಾಗಿ ಅದರ ಬೆಲೆ 8 ಲಕ್ಷ ಡಾಲರ್, ಬೇರೆ ಕೆಲಸಕ್ಕಾದರೆ 60,000 ಮಾತ್ರ ಅಂತ ಅವನು ವಾದಿಸಿದ. 1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ಮೊದಲು ಬಂದವನು ಅವನೇ. ನನಗೆ ಈ ತೀರ್ಪು ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಹೊಗೆ ಹೋಗಬೇಕಿತ್ತು, ಸರಿ. ಆದರೆ ಅದರ ಖರ್ಚೆಲ್ಲ ಒಬ್ಬನ ತಲೆಗೇಕೆ?

ವಿನಾಯಿತಿ ಯಾರಿಗೆ

ಕೌಂಟರಿನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು, "ಸಾರ್, ನಮ್ಮದೊಂದು ಸ್ಪೆಷಲ್ ಕೇಸು." ಮಕ್ಕಳು ದೊಡ್ಡವರಾದರು, ಸಾಲ ಮಾಡಿಬಿಟ್ಟಿದ್ದೇವೆ, ಮೇಸ್ತ್ರಿ ಗೊತ್ತಿಲ್ಲದೆ ಎರಡಡಿ ಮುಂದೆ ತಂದುಬಿಟ್ಟ. ಎಲ್ಲ ನಿಜವಾದ ಕಷ್ಟಗಳೇ. ಆದರೆ ವಿನಾಯಿತಿ ಕೊಡುವವರು ನೋಡುವುದು ನೆಲದ ಕಷ್ಟವನ್ನು, ಮಾಲೀಕನ ಕಷ್ಟವನ್ನಲ್ಲ. ನಿವೇಶನ ತ್ರಿಕೋನವಾಗಿದೆ, ಸೆಟ್‌ಬ್ಯಾಕ್ ಬಿಟ್ಟರೆ ಒಂದು ಕೋಣೆಯೂ ಕೂರುವುದಿಲ್ಲ: ಇದು ನೆಲದ ಕಷ್ಟ. ಹಿಂಬದಿ ಬಂಡೆಯಿದೆ: ಇದೂ ಹೌದು. ಪಕ್ಕದವರಿಗಿಲ್ಲದ ತೊಡಕು ನಿಮ್ಮ ಜಾಗಕ್ಕೆ ಮಾತ್ರ ಇರಬೇಕು, ಅದನ್ನು ನೀವೇ ತಂದುಕೊಂಡಿರಬಾರದು, ಕೇಳುವುದು ಬೇಕಾದ ಕನಿಷ್ಠದಷ್ಟೇ ಇರಬೇಕು. ಜಾಗವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಕಿರಿದು ಮಾಡಿಕೊಂಡರೆ ಅದು ಸ್ವಯಂಕೃತ.

"ಮೊದಲು ಕಟ್ಟೋಣ, ಆಮೇಲೆ ನೋಡಿಕೊಳ್ಳೋಣ" ಎನ್ನುವವರಿಗೆ ಇಂಗ್ಲೆಂಡಿನ ಒಬ್ಬ ರೈತನ ಕಥೆ ಹೇಳುತ್ತೇನೆ. ಕಟ್ಟಿದ ಮೇಲೆ ನಾಲ್ಕು ವರ್ಷ ಯಾರೂ ಕ್ರಮ ಕೈಗೊಳ್ಳದಿದ್ದರೆ ಮನೆ ಉಳಿಯುತ್ತದೆ ಎಂಬ ನಿಯಮ ಆಗ ಅಲ್ಲಿತ್ತು. ಈ ಮಹಾನುಭಾವ ಅನುಮತಿಯಿಲ್ಲದೆ ಕೋಟೆಯಂಥ ಮನೆ ಕಟ್ಟಿ, ಸುತ್ತ ಹುಲ್ಲಿನ ಪಿಂಡಿಗಳನ್ನು ಗೋಡೆಯಂತೆ ಒಟ್ಟಿ, ನಾಲ್ಕು ವರ್ಷ ಅದರೊಳಗೇ ಸಂಸಾರ ಮಾಡಿದ. ಆಮೇಲೆ ಹುಲ್ಲು ತೆಗೆದ. ಮರೆಮಾಚಿದ ಕಾಲ ಲೆಕ್ಕಕ್ಕಿಲ್ಲ ಎಂದವು ಕೋರ್ಟುಗಳು. ಕೊನೆಗೆ 2016ರಲ್ಲಿ ಅವನೇ ಕೆಡವಬೇಕಾಯಿತು. ಅಂದಹಾಗೆ ಇಂಗ್ಲೆಂಡಿನಲ್ಲಿ ಆ ನಾಲ್ಕು ವರ್ಷವನ್ನು 2024ರಲ್ಲಿ ಹತ್ತಕ್ಕೆ ಏರಿಸಿದ್ದಾರೆ. ಹತ್ತು ವರ್ಷಕ್ಕಾಗುವಷ್ಟು ಹುಲ್ಲು ಹೊಂದಿಸುವುದು ಕಷ್ಟ.

ನಕ್ಷೆಯ ಮೇಲೊಂದು ನಕ್ಷೆ

ಬಣ್ಣದ ಮೇಲೆ ಗೀಟುಗಳಿರುತ್ತವೆ, ಅವನ್ನೂ ನೋಡಿ. ವಿಮಾನ ನಿಲ್ದಾಣದ ಎತ್ತರದ ಮಿತಿ, ಪ್ರವಾಹದ ವಲಯ, ಕೆರೆ ನದಿ ಅಂಚಿನ ಬಫರ್, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ಪಾರಂಪರಿಕ ಕಟ್ಟಡಗಳ ಸುತ್ತಲಿನ ಪ್ರದೇಶ. ನೆಲದ ಬಣ್ಣ ಏನೇ ಹೇಳಲಿ, ಇವು ಅದರ ಮೇಲೆ ಕೂರುತ್ತವೆ, ಬಿಗಿಯಾದದ್ದೇ ಗೆಲ್ಲುತ್ತದೆ. ಕಟ್ಟಲು ಬಿಡದಿದ್ದಾಗ ಆ ಅವಕಾಶವನ್ನು ಬೇರೆ ಜಾಗಕ್ಕೆ ವರ್ಗಾಯಿಸಿಕೊಳ್ಳುವ ವ್ಯವಸ್ಥೆ ಕೆಲವೆಡೆ ಇದೆ, ಟಿಡಿಆರ್ ಅನ್ನುತ್ತಾರೆ. ನ್ಯೂಯಾರ್ಕಿನ ಗ್ರಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ ಗೋಪುರ ಕಟ್ಟಲು ಬಿಡದಿದ್ದ 1978ರ ಪ್ರಕರಣದಲ್ಲಿ ಕೋರ್ಟು ಈ ವರ್ಗಾವಣೆಯ ಹಕ್ಕನ್ನೂ ಗಣನೆಗೆ ತೆಗೆದುಕೊಂಡಿತ್ತು.

ಇನ್ನೊಂದು ಖಾಸಗಿ ಕರಾರು. ಬಡಾವಣೆ ಮಾಡಿದವರು ಕ್ರಯಪತ್ರದಲ್ಲೇ "ಇಲ್ಲಿ ಒಂದು ಮನೆ ಮಾತ್ರ" ಅಂತ ಬರೆಸಿರಬಹುದು. ವಲಯ ನಿಯಮ ಮೂರು ಮನೆಗೆ ಒಪ್ಪಿದರೂ ಕರಾರು ನಿಮ್ಮನ್ನು ಕಟ್ಟಿಹಾಕಬಹುದು. ಅಮೆರಿಕದ ಹ್ಯೂಸ್ಟನ್ ನಗರಕ್ಕೆ ವಲಯ ನಿಯಮವೇ ಇಲ್ಲ ಅಂತ ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ನಿಜ, ಅಲ್ಲಿನ ಮತದಾರರು 1948, 1962, 1993ರಲ್ಲಿ ಮೂರು ಸಲ ಬೇಡ ಅಂದರು. ಆದರೆ ಅಲ್ಲಿ ಇಂಥ ಕರಾರುಗಳು ಊರ ತುಂಬ ಇವೆ, ಅವನ್ನು ಜಾರಿ ಮಾಡಿಸಲು ನಗರಾಡಳಿತವೇ ಕೋರ್ಟಿಗೆ ಹೋಗುತ್ತದೆ. ಗೆರೆ ಇಲ್ಲದ ಊರಿಲ್ಲ. ಯಾರು ಎಳೆದರು ಅನ್ನುವುದಷ್ಟೇ ವ್ಯತ್ಯಾಸ.

ಯಾರು ಎಳೆದರು, ಯಾರಿಗಾಗಿ ಎಳೆದರು ಅನ್ನುವುದನ್ನು ಮುಚ್ಚಿಟ್ಟು ಮಾತಾಡಿದರೆ ಅಪ್ರಾಮಾಣಿಕವಾದೀತು. 1910ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ಕರಿಯರು ಯಾವ ಬೀದಿಯಲ್ಲಿ, ಬಿಳಿಯರು ಯಾವ ಬೀದಿಯಲ್ಲಿ ಇರಬೇಕೆಂದು ಕಾನೂನು ಮಾಡಿತು. ಲೂಯಿವಿಲ್ ನಗರದ ಅಂಥದೇ ಕಾನೂನನ್ನು 1917ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಮೇಲೆ ಜನರ ಬಣ್ಣ ಬರೆಯುವ ಬದಲು ನಿವೇಶನದ ಕನಿಷ್ಠ ಅಳತೆ ಬರೆದರು. ದೊಡ್ಡ ನಿವೇಶನ, ಒಂದೇ ಕುಟುಂಬದ ಮನೆ, ಬೇರೇನೂ ಕೂಡದು. ಬಡವರು ತಾವಾಗಿಯೇ ಹೊರಗುಳಿದರು. ಈಗ ಅದನ್ನು ಸಡಿಲಿಸುವ ಗಾಳಿ ಬೀಸುತ್ತಿದೆ: ಮಿನಿಯಾಪೊಲಿಸ್ 2018ರಲ್ಲಿ, ಆರೆಗಾನ್ ರಾಜ್ಯ 2019ರಲ್ಲಿ ಒಂಟಿ ಮನೆಯ ವಲಯಗಳಲ್ಲಿ ಹೆಚ್ಚು ಮನೆಗಳಿಗೆ ಅವಕಾಶ ಕೊಟ್ಟವು. ನನ್ನ ಅಭಿಪ್ರಾಯ ಕೇಳಿದರೆ, ಬೆಳಕು ಗಾಳಿ ನೀರಿನ ನಿಯಮಗಳನ್ನು ಒಂದಿಂಚೂ ಬಿಡಬಾರದು. ಮನೆಯ ಪಕ್ಕ ಕ್ಷೌರದಂಗಡಿ ಬರಬಾರದು ಎಂಬಂಥವನ್ನು ಅರ್ಧಕ್ಕರ್ಧ ಕಿತ್ತುಹಾಕಬಹುದು. ಜಪಾನಿನಲ್ಲಿ ದೇಶಕ್ಕೆಲ್ಲ ಸೇರಿ 13 ಬಗೆಯ ಬಳಕೆ ವಲಯಗಳು, ಅತಿ ಬಿಗಿಯಾದ ವಾಸದ ವಲಯದಲ್ಲೂ ಮನೆಯೊಳಗೊಂದು ಸಣ್ಣ ಅಂಗಡಿ ಇಡಬಹುದು. ಅದರಿಂದ ಅವರಿಗೇನೂ ಆಗಿಲ್ಲ.

ಕೊನೆಯದಾಗಿ ಆಕ್ಷೇಪಣೆಯ ವಿಷಯ. ಮಹಾಯೋಜನೆ ಪರಿಷ್ಕರಿಸುವಾಗ ಮೊದಲು ಕರಡು ಹೊರಡಿಸಿ, ಜನರ ಆಕ್ಷೇಪಣೆ ಕರೆಯುತ್ತಾರೆ. ಒಬ್ಬ ಸಾಮಾನ್ಯ ಮಾಲೀಕನ ಕೈಯಲ್ಲಿ ಗೆರೆ ಅಳಿಸುವ ರಬ್ಬರ್ ಇರುವುದು ಆ ಕೆಲವು ವಾರಗಳಷ್ಟೇ. ಅಂತಿಮವಾದ ಮೇಲೆ ಕೋರ್ಟು, ವರ್ಷಗಳು, ವಕೀಲರ ಫೀಸು. ನಾನು ಕಂಡ ಒಂದು ಕಚೇರಿಯಲ್ಲಿ ಕರಡು ನಕ್ಷೆಯನ್ನು ಬಾಗಿಲ ಹಿಂದೆ ಅಂಟಿಸಿದ್ದರು. ಬಾಗಿಲು ತೆರೆದಿದ್ದಷ್ಟು ಹೊತ್ತೂ ಅದು ಕಾಣುತ್ತಿರಲಿಲ್ಲ, ಕಚೇರಿ ಮುಚ್ಚಿದಾಗ ಮಾತ್ರ ಕಾಣುತ್ತಿತ್ತು. ಬಾಗಿಲು ಮುಚ್ಚಿಸಿ ನೋಡುವಷ್ಟು ಹಟ ಇರಲಿ. ಆಕ್ಷೇಪಣೆ ಬರೆಯುವಾಗ ಅನ್ಯಾಯ, ದಬ್ಬಾಳಿಕೆ ಅಂತೆಲ್ಲ ಬರೆಯಬೇಡಿ. ಸರ್ವೆ ನಂಬರು, ಹಾಳೆಯ ನಂಬರು, ಎಷ್ಟು ಮೀಟರ್ ತಪ್ಪಿದೆ, ಏನಾಗಬೇಕು, ಅಷ್ಟು ಬರೆದು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಕೇಳಿದರು: ಪಕ್ಕದ ಖಾಲಿ ಜಾಗದಲ್ಲಿ ಏನು ಬರುತ್ತದೆಂದು ತಿಳಿಯುವುದು ಹೇಗೆ?

ನಿಮ್ಮದಕ್ಕೆ ಮಾಡಿದ ಲೆಕ್ಕವನ್ನೇ ಅದಕ್ಕೂ ಮಾಡಿ. ಅಲ್ಲಿ ಬರಬಹುದಾದ ಅತಿ ದೊಡ್ಡ ಕಟ್ಟಡ ಬಂದೇ ಬರುತ್ತದೆ ಅಂತ ಇಟ್ಟುಕೊಂಡು ನಿಮ್ಮ ಮನೆಯ ಕಿಟಕಿ ಎಲ್ಲಿಡಬೇಕೆಂದು ತೀರ್ಮಾನಿಸಿ. ಖಾಲಿ ಜಾಗ ನೋಡಿಕೊಂಡು ಮಲಗುವ ಕೋಣೆಯ ಏಕೈಕ ಕಿಟಕಿಯನ್ನು ಆ ಕಡೆ ಇಟ್ಟವರು, ಆಮೇಲೆ ಒಂದೂವರೆ ಮೀಟರ್ ಅಂತರದ ಗೋಡೆ ನೋಡುತ್ತಾ ಏಳುತ್ತಿದ್ದಾರೆ.

ಹಿಂದಿನ ಸಾಲಿನಿಂದ ಇನ್ನೊಬ್ಬರು: ಆ ಮೇಷ್ಟ್ರ ಗೆರೆ ಕೊನೆಗೆ ಏನಾಯಿತು?

ಮೇಷ್ಟ್ರು ಬಿಡಲಿಲ್ಲ. ಮುಂದಿನ ಕರಡು ಬರುವ ತನಕ ಕಾದರು. ಸ್ವಂತ ಖರ್ಚಿನಲ್ಲಿ 1:500ರ ಪ್ರಮಾಣದಲ್ಲಿ ಅಳತೆ ಮಾಡಿಸಿ, ಒಂದೇ ಪುಟದ ಆಕ್ಷೇಪಣೆ ಕೊಟ್ಟರು. ಆ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ಗೆರೆ ನೆಲದ ಮೇಲೆ ಕಾಲು ಮೀಟರ್ ಅಷ್ಟೇ. ಜಾಗಕ್ಕೆ ಬಂದು ಅಳೆದು ತೀರ್ಮಾನ ಮಾಡಿದರು: ಮುಂಭಾಗದಲ್ಲಿ ಒಂದೂವರೆ ಮೀಟರ್ ಮಾತ್ರ ರಸ್ತೆಗೆ. 216 ಇದ್ದದ್ದು 198 ಆಯಿತು, ಕಟ್ಟಬಹುದಾದ್ದು 324ರಿಂದ 297ಕ್ಕೆ ಇಳಿಯಿತು, ಒಂದು ದೊಡ್ಡ ಕೋಣೆಯಷ್ಟು. ಅವರು ಸೆಟ್‌ಬ್ಯಾಕನ್ನು ಇದ್ದ ರಸ್ತೆಯಿಂದ ಅಳೆಯದೆ, ಬರಲಿರುವ ರಸ್ತೆಯ ಅಂಚಿನಿಂದ ಅಳೆದು ಮನೆ ಕಟ್ಟಿದರು. ರಸ್ತೆ ಅಗಲವಾಗಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. ಯಂತ್ರ ಬಂದಾಗ ಆ ಸಾಲಿನಲ್ಲಿ ಕೆಲವರ ಮುಂದಿನ ಕೋಣೆ ಹೋಯಿತು, ಒಬ್ಬರ ಮೆಟ್ಟಿಲು ಹೋಯಿತು. ಮೇಷ್ಟ್ರ ಮನೆಯಲ್ಲಿ ಹೋದದ್ದು ಕಾಂಪೌಂಡು ಮತ್ತು ಒಂದು ದಾಸವಾಳದ ಗಿಡ. ಗಿಡವನ್ನು ಹಿಂದಿನ ದಿನವೇ ಅಗೆದು ಹಿತ್ತಲಲ್ಲಿ ನೆಟ್ಟಿದ್ದರು.